ಸಾಣೆಯವನ ಸಾಕ್ಷಿ

ಎಲ್ಲಿ ಚೆನ್ನಾಗಿ ಉಣ್ಣಬಹುದು ಅಂತ ನನ್ನನ್ನು ಕೇಳುತ್ತೀಯ?
ಕೂತುಕೋ, ಆ ಕಟ್ಟೆ ಮೇಲೆ. ಸೈಕಲ್ಲಿಗೆ ಒರಗಬೇಡ,
ಚಕ್ರ ತಿರುಗುತ್ತಿದೆ, ಅಂಗಿಯ ಚುಂಗು ಸಿಕ್ಕೀತು.

ಮೆಕ್ಸಿಕೋ ನಗರದಲ್ಲಿ ನಲವತ್ತೊಂದು ವರ್ಷ
ಈ ಸೈಕಲ್ಲು, ಈ ಸಾಣೆಕಲ್ಲು, ಈ ಪೀಪಿ:
ಕೆಳಗಿಂದ ಮೇಲಕ್ಕೆ ಒಂದೇ ಉಸಿರು,
ಮೇಲಿಂದ ಮತ್ತೆ ಜಾರುಬಂಡೆ.
ಓಣಿಯ ನಾಯಿಗಳೆಲ್ಲ ನನ್ನ ಬಲ್ಲವು.
ಮನುಷ್ಯರು ಸಾಣೆಯವನೇ ಅನ್ನುತ್ತಾರೆ;
ಹಸಿಂತೊ ಅನ್ನುತ್ತಿದ್ದವಳು ಒಬ್ಬಳೇ,
ಅವಳ ಮಾತು ಆಮೇಲೆ.

ನೀನು ಮುಂಬಾಗಿಲಿಂದ ಹೋಗುತ್ತೀಯ, ನಾನು ಹಿಂಬಾಗಿಲಿಂದ.
ನಿನಗೆ ತಟ್ಟೆ ಕಾಣುತ್ತದೆ, ನನಗೆ ಚೂರಿ.
ಚೂರಿಗೆ ಸುಳ್ಳು ಬರುವುದಿಲ್ಲ ಮಗಾ.
ಪಾಪಾಸುಕಳ್ಳಿ ಹೆರೆದ ಅಲಗಿನಲ್ಲಿ
ಒಣಗಿದ ಲೋಳೆ, ಹಸಿರು ಗೆರೆ;
ನಿಂಬೆ ಕೊಯ್ದೂ ಕೊಯ್ದೂ ಕಪ್ಪಾದದ್ದು ಬೇರೆ;
ಮೂಳೆಗೆ ತಗುಲಿದ್ದಕ್ಕೆ ಸಣ್ಣ ಹಲ್ಲು ಬಿದ್ದಿರುತ್ತದೆ,
ಬೆರಳಿಗೆ ತಿಳಿಯುತ್ತದೆ, ಕಣ್ಣಿಗಲ್ಲ.

ಪೋಲಾಂಕೊದ ಒಂದು ದೊಡ್ಡ ಹೋಟೆಲು:
ಮಖಮಲ್ಲಿನ ತೊಟ್ಟಿಲಲ್ಲಿ ಹನ್ನೆರಡು ಜಪಾನೀ ಚೂರಿ.
ವರ್ಷಕ್ಕೊಮ್ಮೆ ಕರೆಯುತ್ತಾರೆ. ಹೋಗಿ ನೋಡಿದರೆ
ಹೋದ ಸಲ ನಾನು ಕೊಟ್ಟ ಅಂಚು ಹಾಗೇ ಇದೆ,
ಬೀರುವಿನಲ್ಲಿಟ್ಟ ಬೆಳ್ಳಿ ಲೋಟದ ಹಾಗೆ.
ಕಾಸು ಎಣಿಸಿಕೊಂಡು ಬಂದೆ.
ಉಂಡು ಹೋಗು ಅಂದಿದ್ದರೂ ಉಣ್ಣುತ್ತಿರಲಿಲ್ಲ.

ಮೊಂಡಾದ ಕಡೆ ಉಣ್ಣಬೇಕು. ವಾರವಾರ ಮೊಂಡಾಗುವ ಕಡೆ.

ಪೊರ್ತಾಲೆಸ್ ಸಂತೆಯ ಹಿಂದೆ ದೋನ್ಯಾ ಒಬ್ದುಲಿಯಾ
ನೀಲಿ ಜೋಳದ ರೊಟ್ಟಿ ತಟ್ಟುತ್ತಿದ್ದಳು.
ಬುಧವಾರ ಬುಧವಾರ ಅವಳ ಚೂರಿ ನನ್ನ ಕಲ್ಲಿಗೆ.
ಅಂಗೈಯಗಲದ ಅಲಗು ಸವೆದು
ಮಾವಿನೆಲೆಯಷ್ಟಾಯಿತು, ಹುಣಸೆಕಾಯಿಯಷ್ಟಾಯಿತು.
ಆ ಸವೆದದ್ದೆಲ್ಲ ಎಲ್ಲಿ ಹೋಯಿತು, ಹೇಳು?
ಅರ್ಧ ನನ್ನ ಕಲ್ಲಿನ ಕಿಡಿಯಾಗಿ;
ಉಳಿದರ್ಧ ಈರುಳ್ಳಿಯಲ್ಲಿ, ಕೊತ್ತಂಬರಿಯಲ್ಲಿ.
ಈ ಊರು ಇಡೀ ಒಂದು ಚೂರಿಯನ್ನು ತಿಂದು ಅರಗಿಸಿಕೊಂಡಿದೆ.
ದುಡ್ಡು ಕೊಡುತ್ತಿರಲಿಲ್ಲ ಅವಳು, ತಟ್ಟೆ ಕೊಡುತ್ತಿದ್ದಳು.
“ಹಸಿಂತೊ, ಉಪ್ಪು ಸರಿಯಿದೆಯಾ?”
ಸರಿಯಿಲ್ಲದ ದಿನವೂ ಇತ್ತು. ಹೇಳುತ್ತಿದ್ದೆ. ಬೈಯುತ್ತಿದ್ದಳು.

ಆಮೇಲೆ ಟಿವಿಯವರು ಬಂದರು. ಸಾಲು ಬೆಳೆಯಿತು,
ಸಾಲು ಮೂಲೆ ತಿರುಗಿತು, ಔಷಧಿ ಅಂಗಡಿ ದಾಟಿತು.
ಮಗ ರುತಿಲಿಯೊ ಹೊಸ ಬೋರ್ಡು ಹಾಕಿಸಿದ.
ಒಂದು ಬುಧವಾರ ಪೀಪಿ ಊದಿದೆ, ಯಾರೂ ಹೊರಗೆ ಬರಲಿಲ್ಲ.
ಇಣುಕಿದೆ: ಹೆಚ್ಚಿದ ಈರುಳ್ಳಿಯೇ ಬಂದಿಳಿದಿತ್ತು,
ಪ್ಲಾಸ್ಟಿಕ್ ಚೀಲದೊಳಗೆ ಬೆವರುತ್ತಾ.
ಒಬ್ದುಲಿಯಾ ಮೂಲೆಯ ಕುರ್ಚಿಯಲ್ಲಿ,
ಜನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.
ಮಡಿಲಲ್ಲಿ ಅವಳ ಬಲಗೈ ತಾನಾಗಿಯೇ
ಹೆಚ್ಚುತ್ತಿತ್ತು. ಏನನ್ನೂ ಅಲ್ಲ.
ಉಪ್ಪಿನ ಮಾತು ಅವಳು ಎತ್ತಲಿಲ್ಲ. ನಾನೂ ಉಣ್ಣಲಿಲ್ಲ.

ಇರಲಿ. ನಿನ್ನ ಪ್ರಶ್ನೆಗೆ ಬರುತ್ತೇನೆ.

ಹೋದ ತಿಂಗಳು, ಮಳೆ ಬಂದು ನಿಂತ ರಾತ್ರಿ,
ಎರ್ಮಿತಾ ಮೆಟ್ರೊದ ಮೆಟ್ಟಿಲ ಬುಡದಲ್ಲಿ
ಬಕೆಟ್ಟು ಬೋರಲು ಹಾಕಿ ಕೂತಿದ್ದಳು ಒಬ್ಬ ಹುಡುಗಿ;
ಒಂದು ಕಾವಲಿ, ಒಂದು ಬಲ್ಬು.
ಚೂರಿ ಚಾಚಿದಳು. ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ.
ಅದನ್ನು ಸುತ್ತಿದವನು ನಾನೇ.
ಅಲಗು ಈಗ ಗರಿಕೆಯೆಸಳಷ್ಟು.
ಯಾರು ಕೊಟ್ಟರು ಅಂದೆ.
“ಅಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಕಸದಲ್ಲಿ ಬಿದ್ದಿತ್ತು”
ಅಂದಳು, ಕಾವಲಿಯಿಂದ ಕಣ್ಣೆತ್ತದೆ.

ಮೊದಲ ಸಲ ನನಗೆ ಮಸೆಯಲು ಹೆದರಿಕೆಯಾಯಿತು.
ಇನ್ನೆರಡು ಬಾರಿ ಕಲ್ಲಿಗಿಟ್ಟರೆ ಚೂರಿಯೇ ಇರುವುದಿಲ್ಲ.
ಚಕ್ರ ನಿಲ್ಲಿಸಿ, ನೀರು ಹನಿಸಿ,
ನಿದ್ದೆ ಹೋದ ಮಗುವಿನ ಉಗುರು ತೆಗೆಯುವ ಹಾಗೆ
ಕೈಯಲ್ಲೇ ಎಳೆದುಕೊಟ್ಟೆ.

ತಟ್ಟೆ ಕೊಟ್ಟಳು. ಉಪ್ಪು ಒಂದು ಹರಳು ಜಾಸ್ತಿ. ಹೇಳಿದೆ.
ಎಂಥ ಬೈಗುಳ ಅಂತೀಯ!

ಹತ್ತೂವರೆ ಮೇಲೆ ಹೋಗು. ಚಿಲ್ಲರೆ ಇಟ್ಟುಕೊಂಡಿರು.
ಹೆಸರು ನಾನು ಕೇಳಲಿಲ್ಲ, ನೀನೂ ಕೇಳಬೇಡ.