ಡ್ರಾಯರಿನ ಗಂಜಿ

ಭಾನುವಾರ ಸಂಜೆ ಮ್ಯಾಲೇಗ್ ಬಂದರಿನಲ್ಲಿ
ಕೊನೆಯ ಫೆರ್ರಿಗೆ ಹಗ್ಗ ಬಿಗಿದು ಬಂದ ಇಶ್ಬೆಲ್
ಕೈ ತೊಳೆಯುತ್ತಾಳೆ, ಡೀಸೆಲ್ ವಾಸನೆ ಪೂರ್ತಿ ಹೋಗುವುದಿಲ್ಲ.
ಬೀಟ್‌ರೂಟ್ ಮುಗಿದ ಏಳು ಜಾಡಿ,
ಒಂದರ ಮುಚ್ಚಳ ಅದರದಲ್ಲ.
ಓಟ್ಸ್, ಹಾಲು, ಚಿಟಿಕೆ ಉಪ್ಪು,
ಬೇಲಿಯಲ್ಲಿ ಕಿತ್ತ ಕಪ್ಪು ಹಣ್ಣು, ಎಣಿಸಿ ನಾಲ್ಕು ನಾಲ್ಕು.
ಸಕ್ಕರೆ ಇಲ್ಲ.
ಅಣ್ಣನ ರಕ್ತದಲ್ಲೇ ಇದೆಯಂತೆ ಬೇಕಾದಷ್ಟು.

ಅಜ್ಜಿಗೆ ಈ ಜಾಡಿಗಳ ರಗಳೆ ಇರಲಿಲ್ಲ:
ವಾರದ ಗಂಜಿ ಒಮ್ಮೆಗೇ ಕುದಿಸಿ
ಮೇಜಿನ ಡ್ರಾಯರಿಗೆ ಸುರಿದು, ಗಟ್ಟಿಯಾದ ಮೇಲೆ
ಚಾಕುವಿನಲ್ಲಿ ಕೊಯ್ದಳೆಂದರೆ ದಿನಕ್ಕೊಂದು ಹೋಳು;
ಅಜ್ಜ ಅದನ್ನು ಜೇಬಿಗಿಳಿಸಿ
ಕುರಿಗಳ ಹಿಂದೆ ಗುಡ್ಡ ಹತ್ತುತ್ತಿದ್ದ.
ಆ ಡ್ರಾಯರಿನಲ್ಲೀಗ ಕರೆಂಟು ಬಿಲ್ಲು, ಸತ್ತ ಬ್ಯಾಟರಿ,
ಅಣ್ಣ ಬೆರಳು ಚುಚ್ಚಿಕೊಳ್ಳುವ ಸೂಜಿ.

ನಾಳೆ ಎಂದವರ ಮನೆ ಹಾಳು ಅನ್ನುತ್ತೇವೆ ನಾವು.
ಇವಳ ಫ್ರಿಜ್ಜಿನಲ್ಲಿ ಏಳು ನಾಳೆಗಳು
ಹೆಸರಂಟಿಸಿಕೊಂಡು
ಭುಜಕ್ಕೆ ಭುಜ ತಾಗಿಸಿ ನಿಂತಿವೆ.

ಬುಧವಾರ ನಡುರಾತ್ರಿ ಟಾರ್ಕ್ವಿಲ್
ಫ್ರಿಜ್ಜಿನ ಬೆಳಕಲ್ಲಿ ಬರಿಗಾಲಲ್ಲಿ ನಿಂತು
ಶನಿವಾರವನ್ನು ತಿಂದುಬಿಟ್ಟ.
ಪಕ್ಕದಲ್ಲೇ ಗುರುವಾರ ಇತ್ತಲ್ಲ,
ಕೇಳಿದರೆ, ಚಮಚ ನೆಕ್ಕುತ್ತ:
ಅದರಲ್ಲಿ ಹಣ್ಣು ಮೂರೇ.