ಹೊಗಿ ನೋಡಿ ಹೇಳೂದು

ಮೂರು ಬಾಟ್ಲಿ ತಂದು ನನ್ನ ಅಂಗಡಿ ಕಟ್ಟಿಮ್ಯಾಲೆ ಇಟ್ಟಳು ಸಾಯವ್ವ ಹೊನಮಾನೆ.
ಒಂದು ನಮ್ಮ ಉಮದಿ ಪಂಪಿಂದು,
ಒಂದು ಗಡಿ ದಾಟಿ ಚಡಚಣದಾಗ ತುಂಬಿಸಿದ್ದು,
ಮೂರನೇದು, ರಾತ್ರಿ ಯಾವನೋ ಡ್ರಮ್ಮಿನಾಗಿಂದ ಅಳದು ಮಾರೂದು:
ಹೆಸರು ಜೈವಿಕ, ವಾಸನಿ ವಡಾ ಕರದ ಹಳೇ ಎಣ್ಣಿ.
"ಲಾಲಸಾಬಣ್ಣ, ಯಾವುದು ಹಾಕ್ಲಿ?"

ಬಿಸಿಲಿಗೆ ಹಿಡದ್ನಿ.
ಮೊದಲಿನ ಎರಡೂ ಒಂದ ತಾಯಿ ಮಕ್ಕಳು,
ಒಂದು ಮರಾಠಿ ಸಾಲ್ಯಾಗ, ಒಂದು ಕನ್ನಡ ಸಾಲ್ಯಾಗ ಕಲ್ತಂಗ.
ರೇಟು ಅಷ್ಟ ಬ್ಯಾರೆ.
ಮೂರನೇದರ ತಳದಾಗ ಮೋಡ ಕುಂತಿತ್ತು.

ಹೊರಗ ಆಕೀ ಟ್ರ್ಯಾಕ್ಟರು
ಬಂದ್ ಮಾಡಿದ ಮ್ಯಾಲೂ ಎರಡು ಸಲ ಕೆಮ್ಮಿ ನಿಂತಿತು.
ಕೆಂಪು ಎಲ್ಲಿ ಮುಗೀತು, ತುಕ್ಕು ಎಲ್ಲಿ ಸುರು ಆತು,
ಅದಕ್ಕೂ ನೆನಪಿಲ್ಲ.
ಆಕಿ ಹುಟ್ಟಿದ ವರ್ಷನ ಬಂದದ್ದು;
ತೊಟ್ಟಿಲಕಿಂತ ಮೊದಲು ಇದಕ್ಕ ಕುಂಕುಮ ಹಚ್ಚಿದ್ರಂತ.
ನಲವತ್ತಾರು ವರ್ಷದ ಜಗಳ ಇಬ್ಬರದೂ.

ನಾ ಹೊಗಿ ಓದಾಂವ.
ಬಿಳಿ ಅಂದ್ರ ಎಣ್ಣಿ ಹೊತ್ತಿಲ್ಲ, ಚಳಿ ಹಿಡದೈತಿ.
ನೀಲಿ ಅಂದ್ರ ರಿಂಗು ಸವದಾವು, ತನ್ನ ರಕ್ತ ತಾನ ಕುಡ್ಯಾಕತ್ತೈತಿ.
ಕರಿ ಅಂದ್ರ ಊಟ ಹೆಚ್ಚಾತು, ಉಸಿರು ಸಾಲವಲ್ದು.
ಇದರದು ಕರಿ. ಕಾಡಿಗಿ ಕರಿ.

ಮೊದಲ ಡಿಸೇಲಿನಾಗ ಗಂಧಕ ಇತ್ತು, ಅದರ ಜೋಡಿ ಒಂದೀಟು ಜಿಡ್ಡು.
ಈಗಿಂದು ತೊಳದು ತೊಳದು ಸೋಸಿದ್ದು.
ಜಿಡ್ಡಿನ ಮದ್ದು ಬೆರಸೇ ಕೊಡ್ತಾರಂತ. ಇದ್ದೀತು.
ಆದ್ರೂ ನಮ್ಮ ಮಂದಿ ಟಾಕಿಗೆ
ಟೂ-ಸ್ಟ್ರೋಕ್ ಎಣ್ಣಿ ಒಂದು ಮುಚ್ಚಳ ಹಾಕ್ತಾರ,
ಕೂಸಿನ ಹಾಲಿಗೆ ಬಜಿ ತೇದು ಹಾಕಿದಂಗ.

ಆಕೀ ಮೈದುನನ ಮಗ ಬಿರಾಪ್ಪನ್ದು ಹೊಸಾ ಗಾಡಿ.
ಹೋದ ತಿಂಗಳು ಒಂದು ಹನಿ ನೀರಿಗೆ ಮುನಿಸಿಕೊಂಡು
ಸಂಖದ ಹಾದ್ಯಾಗ ನಿಂತಿತ್ತು.
ಸಾಂಗ್ಲಿಯಿಂದ ಲ್ಯಾಪ್‌ಟಾಪ್ ಬರೂತನಕ ಮೂರು ದಿನ.
ಚೀಲದಾಗ ನನ್ನ ಪಾನಾ ನಕ್ಕವು.
ನಗಬಾರದಿತ್ತು. ಆ ಗಾಡಿ ಸೈಲೆನ್ಸರಿನಾಗ
ನನಗ ಓದಾಕ ಒಂದಕ್ಷರ ಇಲ್ಲ.

ಖರೇ ಮಾತು ಸಾಯವ್ವ ಆಮ್ಯಾಲೆ ತಗದ್ಲು.
ಶೆಡ್ಡಿನ ಜಾಳಗಿಮ್ಯಾಲೆ ಬೇದಾಣಿ ಒಣಗಾಕ ಹಾಕಿದ್ಲು,
ಬಾಜೂಕ ಇದು ದಿನಾ ತಾಸುಗಟ್ಲೆ ಓಡ್ತಿತ್ತು.
ತಾಸಗಾಂವದ ದಲಾಲ ಬಂದ, ಒಂದು ಹಿಡಿ ತಗೊಂಡ,
ಬಿಳಿ ದಸ್ತಿಗೆ ತಿಕ್ಕಿದ, ದಸ್ತಿ ಆಕೀ ಕೈಯಾಗ ಇಟ್ಟ.
ರೇಟಿನ ಮಾತ ಆಡ್ಲಿಲ್ಲ.
ಆ ದಸ್ತಿ ಬಿಚ್ಚಿ ಬಾಟ್ಲಿ ಬಾಜೂಕ ಹಾಸಿದ್ಲು.

"ಹಳೇವೆಲ್ಲಾ ಗುಜರಿಗೆ ಅಂತಾರ, ಖರೇ ಏನಣ್ಣ?"
"ಅಂತಾರ. ಎಂದು, ಯಾವ ಊರಾಗ, ನಂಗ ತಿಳೀದು.
ಗುಜರಿಯಂವ ಕಬ್ಬಿಣ ತೂಗ್ತಾನ,
ಆದ್ರ ನಲವತ್ತಾರು ವರ್ಷ ತಕ್ಕಡಿ ಏರೂದಿಲ್ಲ" ಅಂದ್ನಿ,
ಅಂದು ಕೆಮ್ಮಿದ್ನಿ.
"ನಿನ್ನ ಕೆಮ್ಮೂ ಏರೂದಿಲ್ಲ" ಅಂದ್ಲು ಆಕಿ. ನಗಲಿಲ್ಲ.

ನಾಜಲ್ ಬಿಚ್ಚಿ ಸ್ಟ್ಯಾಂಡಿಗೆ ಕಟ್ಟಿ ಹ್ಯಾಂಡಲ್ ಒತ್ತಿದ್ನಿ.
ಬೀಳಬೇಕಾದ್ದು ಮಂಜು,
ದ್ರಾಕ್ಷಿ ಎಲಿಮ್ಯಾಲೆ ಔಷಧ ಹೊಡದಂಗ.
ಬಿದ್ದದ್ದು, ಕೂಸು ಉಚ್ಚಿ ಹೊಯ್ದಂಗ, ಒಂದು ಗೆರಿ.
ಹೊಸಾ ತುದಿ ಕೂಡಿಸಿದ್ನಿ. ಸೀಲಿನ ತಂತಿ ಕತ್ತರಿಸಿ
ಪಂಪಿನ ಸ್ಕ್ರೂ ಅರ್ಧ ಸುತ್ತು ಹಿಂದಕ್ಕ ತಿರಿವಿದ್ನಿ.
"ಜೋರು ಕಡಿಮಿ ಆಗ್ತೈತಿ. ಏರಿನಾಗ ಗೇರು ಇಳಸಬೇಕಾಕ್ಕೈತಿ."
"ಆಗ್ಲಿ. ನಾನೂ ಈಗ ಏರು ನಿಂತ ಹತ್ತತೀನಿ."

ಚಾಲೂ ಮಾಡಿದ್ಲು.
ಮೊದಲು ಕರಿ, ಆಮ್ಯಾಲೆ ಬೂದಿ,
ಆಮ್ಯಾಲೆ ಸೈಲೆನ್ಸರಿನ ಮ್ಯಾಲಿನ ಬೇವಿನ ಟೊಂಗಿ
ನೀರಿನ್ಯಾಗಿಂದ ನೋಡಿದಂಗ ಅಲುಗಾಡೂದು ಅಷ್ಟ.
ದಸ್ತಿ ಚೊಕ್ಕ ಬದಿ ತಿರಿವಿ ಅದರ ಬಾಯಿಗೆ ಹಿಡದು
ಹತ್ತರತನಕ ಎಣಿಸಿದ್ಲು.
ಬೂದಿ ಬಣ್ಣದ ಉಂಗುರ ಒಂದು ಬಿದ್ದ ಬಿತ್ತು.
"ಶೆಡ್ಡಿನ ಕಡೆ ಇದು ಬ್ಯಾಡ" ಅಂದ್ಲು.
"ಗೊಬ್ಬರ ಹೇರಾಕ, ನೀರಿನ ಟಾಕಿ ಎಳ್ಯಾಕ ಇರ್ಲಿ.
ಬೇದಾಣಿ ಹಂಗಾಮಿಗೆ ಬಿರಾಪ್ಪನ್ದು ಬಾಡಗಿ ಹಿಡೀತೀನಿ."

ಮೊದಲಿನ ಎರಡೂ ಬಾಟ್ಲಿ ಟಾಕಿಗೆ ಸುರವಿದ್ನಿ.
ಉಮದಿ ಎಲ್ಲಿ ಮುಗೀತು, ಚಡಚಣ ಎಲ್ಲಿ ಸುರು ಆತು,
ಟಾಕಿ ಕೇಳಲಿಲ್ಲ.
ಮೂರನೇದರಾಗ ಕೈ ತೊಳಕೊಂಡ್ನಿ.
ಕೈ ಕರ್ರಗನ ಉಳದ್ವು.