ಜೀರ್ಣೋಭವ ಅನ್ನದಾಕಿ

ಬಾಯ್ನಾ ದಂಡಿ. ಸಂಜಿ ನಾಲ್ಕು.
ದ್ವೀಪದಿಂದ ದೋಣಿ ಬಂತು.
ಹನ್ನೊಂದು ಕರೀ ರಬ್ಬರಿನ ಅಂಗಿ
ನನ್ನ ಡ್ರಮ್ಮಿನಾಗ ಮುಳುಗಿದವು,
ತಲಿ ಇಲ್ಲದ ಹನ್ನೊಂದು ಮಂದಿ.
ಸಿಹಿನೀರಾಗ ಮೂರು ಸಲ ಜಾಲಿಸಬೇಕು.
ಉಪ್ಪು ಉಳದರ ರಬ್ಬರು ಸೀಳತೈತಿ,
ಸಂಬಳದಾಗೂ ಸೀಳು ಬೀಳತೈತಿ.

ದಿನಾ ನಕ್ಕೋತ ಇಳಿಯೋ ಕಾಯ್ತಾನ್
ಇವತ್ತ ಸುಮ್ಮನ ಇಳದ.
ಕ್ಯಾಮೆರಾದ ಸಣ್ಣ ಗಾಜು ಮುಂದ ಹಿಡದು
'ಪಳೆ ಗೋ ಬಾಯ್' ಅಂದ.
ನೋಡಿದೆ. ಬೆಳ್ಳಗಿತ್ತು.
ಸುಣ್ಣದ ಗೂಡಿನಿಂದ ತೆಗೆದಂಗ.

ಹವಳ ಅಂದ್ರ ನನಗ
ಅವ್ವನ ತಾಳಿಯ ಎರಡು ಕೆಂಪು ಮಣಿ.
ಅದಕ್ಕ ಹಸಿವಿ ಐತಿ ಅಂತ ಯಾರೂ ಹೇಳಿರಲಿಲ್ಲ.

ಎಳ್ಳಕಾಳಿನಷ್ಟು ಪ್ರಾಣಿಯಂತ,
ಒಂದ ಬಾಯಿ,
ಉಣ್ಣೂದೂ ಅದರಾಗ, ಉಗಳೂದೂ ಅದರಾಗ,
ಸಾವಿರಗಟ್ಟಲೆ ಕೂಡಿದ್ರ ಒಂದು ಓಣಿ.
ಆ ಬಾಯಾಗ ಒಂದಿನ
ಕಣ್ಣಿಗೆ ಕಾಣದ ಪಾಚಿ ಹೊಕ್ಕಿತು.
ನುಂಗಿದಳು.
ಅರಗಿಸಿಕೊಳ್ಳಲಿಲ್ಲ.

ನಾನು ಬದಾಮಿ ಕಡೆಯಾಕಿ.
ಅಗಸ್ತ್ಯ ಹೊಟ್ಟಿ ಸವರಿಕೊಂಡು
'ವಾತಾಪಿ ಜೀರ್ಣೋಭವ' ಅಂದ ಕತಿ
ಹಲ್ಲು ಬರೂದ್ರಾಗ ಕೇಳೇನಿ.
ನಮ್ಮೂರ ಕತಿಯಾಗ ಎರಡ ದಾರಿ:
ಹೊಟ್ಟಿ ಸೀಳಿ ಹೊರಗ ಬರಬೇಕು,
ಇಲ್ಲಾ ಒಳಗ ಕರಗಬೇಕು.
ಈ ಮೂರನೇದು ಇತ್ತಂತ ಗೊತ್ತಿರಲಿಲ್ಲ:
ನುಂಗಿ, ಸುಮ್ಮನ ಕೂತು,
ಒಳಗಿನಾಂವಗ ಬಿಸಲು ಮುಟ್ಟೂ ಹಂಗ
ಮೈ ತೆಳ್ಳಗ ಮಾಡಿಕೊಳ್ಳೂದು.

ಹಗಲೆಲ್ಲ ಅಂವ ಬೆಳಕಿನಾಗ ಸಕ್ಕರಿ ಕಾಸತಾನ.
ಹತ್ತರಾಗ ಎಂಟೊಂಬತ್ತು ಪಾಲು ಅಕಿಗೇ.
ಅಕಿ ಬಿಟ್ಟ ಉಸಿರು, ಅಕಿ ಬ್ಯಾಡಂದ ಕಸ
ಅಂವಗ ಊಟ.
ಕತ್ತಲಾದ್ರ ಅಕಿ ಬೆರಳು ಬಿಚ್ಚಿ ಬ್ಯಾಟಿಗೆ ಕೂಡತಾಳ.
ಇನ್ನ ಬಣ್ಣ,
ಕಂದು, ಜೇನು, ಹಸರು,
ಫೋಟೋದವರು ಹೊಗಳೂ ಅಷ್ಟೂ ಬಣ್ಣ
ಬಹಳಷ್ಟು ಒಳಗಿನಾಂವಂದು.
ಅಕಿಗೆ ಗೊತ್ತದನೋ ಇಲ್ಲೋ.

ಈ ಮೇ ತಿಂಗಳು ಸಮುದ್ರ ಆರಲಿಲ್ಲ.
ರಾತ್ರಿನೂ ಕೈ ಇಟ್ಟರ ಬೆಚ್ಚಗ.
ಕಾದ ನೀರಾಗ ಅಂವನ ಒಲಿ ಹದ ತಪ್ಪತೈತಿ,
ಸಕ್ಕರಿ ಕಾಸೂ ಬೋಗಾಣಿಯಾಗ ವಿಷ ಏಳತೈತಿ.
ಆವಾಗ ಉಗಳತಾಳ.
ಸಿಟ್ಟಿಗಲ್ಲ. ತಡಕೊಳ್ಳಾಕ ಆಗದ.

'ಸತ್ತಿಲ್ಲ' ಅಂದ ಕಾಯ್ತಾನ್.
ಮೈ ಗಾಜಾಗೇತಿ, ಒಳಗಿನ ಎಲುಬು ಕಾಣತೈತಿ, ಅಷ್ಟ.
ಉಪವಾಸ.
ನೀರು ಆರಿದ್ರ, ಅಂವ ತಿರುಗಿ ಬಂದ್ರ ಉಳದಾಳು.
ಎಷ್ಟು ದಿನ ತಡೀತಾಳ?
ಮೂರು ವಾರ. ನಾಲ್ಕು.
ಅಂಗಿಯ ಜಿಪ್ಪು ಎಳಕೋತ ಹೇಳಿದ, ನನ್ನ ಮಾರಿ ನೋಡಲಿಲ್ಲ.

ದೋಣಿಯಿಂದಿಳದ ಪುಣೆಯ ಸಾಹೇಬರೊಬ್ಬರು
ಟವೆಲಿನ್ಯಾಗ ತಲಿ ಒರೆಸಿಕೋತ ಅಂದ್ರು:
'ಮಾಲಕಿ, ಬಾಡಿಗಿದಾರ ಇದ್ದಂಗ.'
ನಕ್ಕೆ.
ಬಾಡಿಗಿ ಅಂದ್ರೇನಂತ ನನಗ ಹೇಳಬ್ಯಾಡ್ರಿ.
ಇದ ದಂಡಿ ಮ್ಯಾಲ ಎರಡು ಸಲ
ನನ್ನ ತಗಡು ಕಿತ್ತಾರ, ಒಲಿ ಒದ್ದಾರ.
ಯಾರೂ ಬೆಳ್ಳಗಾಗಲಿಲ್ಲ.

ಮಳಿ ಬರಲಿ ಅಂತ ಬೇಡಿಕೊಳ್ಳಬೇಕಂದೆ.
ಮಳಿ ಬಂದ್ರ ನೀರು ಆರತೈತಿ.
ಮಳಿ ಬಂದ್ರ ದೋಣಿ ಮ್ಯಾಲ ಎಳೀತಾರ,
ನಾಲ್ಕು ತಿಂಗಳು ಅಂಗಿ ಇಲ್ಲ, ಡ್ರಮ್ ಇಲ್ಲ,
ನನಗ ಪಗಾರ ಇಲ್ಲ.
ಬನಶಂಕರಿ, ನಿನ್ನ ಹೆಸರ ಇಟ್ಟಾರ ನನಗ.
ಯಾರ ಹೊಟ್ಟಿ ಮುಂದ ಇಡಲಿ, ನೀನ ಹೇಳು.

ಅಕಿ ಹೇಳಲಿಲ್ಲ.
ಹನ್ನೊಂದು ಅಂಗಿ ಹಗ್ಗಕ್ಕ ಹಾಕಿದೆ,
ತೋಳಿನಿಂದ ನೀರು ತೊಟ್ಟಿಕ್ಕತಿತ್ತು.
ಸಾಹೇಬರ ಬಾಟ್ಲಿ ತಂಪಿಟ್ಟ ಪೆಟ್ಟಿಗಿಯಾಗ
ಅರ್ಧ ಬರಫ್ ಉಳದಿತ್ತು.
ಎಲ್ಲಾರೂ ಹೋದ ಮ್ಯಾಲ
ನೀರಿನ ಅಂಚಿಗೆ ಒಯ್ದು ಸುರುವಿದೆ.

ದ್ವೀಪ ಎಷ್ಟು ದೂರ, ನನಗೂ ಗೊತ್ತೈತಿ.
ಕಾಲಬೆರಳಿಗೆ ಒಂದು ಗಳಿಗಿ ತಂಪಾತು.
ಆಮ್ಯಾಲ ಅದೂ ಬೆಚ್ಚಗಾತು.